ಗೋಡೆಗೆ ಬೆನ್ನು

ಬಚ್ಚಲಮನೆಯ ಚಿಲಕ ಸರಿದ ಸದ್ದಾಗಿದ್ದೇ ತಡ, ಅವನು ಕುರ್ಚಿಯಿಂದ ಎದ್ದು ಗೋಡೆಗೆ ಒತ್ತಿಕೊಂಡು ನಿಂತ. ಕೈಯಲ್ಲಿ ಅರ್ಧ ಕುಡಿದ ಚಹಾದ ಲೋಟ. ಮಾವ ಟವೆಲ್ಲಿನ ತುದಿಯಿಂದ ಕಿವಿ ಒರೆಸಿಕೊಳ್ಳುತ್ತ ಹಜಾರಕ್ಕೆ ಬಂದರು, ಖಾಲಿ ಕುರ್ಚಿ ನೋಡಿದರು, ಅವನನ್ನು ನೋಡಿದರು, “ಅಯ್ಯೋ, ಕೂತ್ಕೊಳ್ಳಿ, ಕೂತ್ಕೊಳ್ಳಿ” ಎನ್ನುತ್ತಲೇ ತಾವು ಕೂತರು. ದಿನವೂ ಇದೇ. ಏಳಿ ಎಂದು ಅವರು ಒಂದು ದಿನವೂ ಹೇಳಿದವರಲ್ಲ. ಬಸ್ಸು ಓಡಿಸಿ ನಿವೃತ್ತರಾದ ಮನುಷ್ಯ, ಬಾಯಿ ದೊಡ್ಡದು, ಮನಸ್ಸೇನೂ ಚಿಕ್ಕದಲ್ಲ. ಮಗಳಿಗೂ ಅಳಿಯನಿಗೂ ಮನೆಯಲ್ಲಿ ಜಾಗ ಕೊಟ್ಟು ಇಷ್ಟು ವರ್ಷವಾದರೂ ಒಂದು ಮಾತು ಆಡಿಲ್ಲ. ಅವನಿಗೆ ಅದೇ ಕಷ್ಟ. ಆಡಿದ್ದರೆ ತಾನೂ ತಿರುಗಿಸಿ ಒಂದು ಆಡಬಹುದಿತ್ತು, ಒಂದು ದಿನ ರಂಪವಾಗಿ ಆಮೇಲೆ ಎಲ್ಲರೂ ಹಗುರಾಗಬಹುದಿತ್ತು. ಆಡದವರ ಮನೆಯಲ್ಲಿ ಮನೆಅಳಿಯನಾಗಿರುವುದೆಂದರೆ ಮೈಯೆಲ್ಲ ಕಿವಿಯಾಗಿರುವುದು. ಚಿಲಕದ ಸದ್ದು, ಚಪ್ಪಲಿಯ ಸದ್ದು, ಗಂಟಲು ಸರಿಮಾಡಿಕೊಳ್ಳುವ ಸದ್ದು, ಎಲ್ಲಕ್ಕೂ ಅವನ ಮೈ ತಾನಾಗಿ ಎದ್ದು ಪಕ್ಕಕ್ಕೆ ಸರಿಯುತ್ತಿತ್ತು.

“ಏನಂತಾಳೆ ನಿಮ್ಮ ಅಜ್ಜಿ? ಇವತ್ತಾದ್ರೂ ಆಚೆ ಕಾಲಿಡ್ತಾಳಂತಾ?” ಮಾವ ಕೇಳಿದರು.

“ಇಡ್ತಾಳೆ ಮಾವ. ಇವತ್ತು ಬಂದೇ ಬರ್ತಾಳೆ.”

“ಬರಲೇಬೇಕಪ್ಪ! ಬೀದಿಗೆಲ್ಲ ಹೇಳಿಬಿಟ್ಟಿದ್ದೀನಿ. ಭಾನುವಾರ ಎಲ್ಲ ಹೊಸ ಜಾಗ ನೋಡೋಕೆ ಹೊರಟಿದ್ದಾರೆ. ನಮ್ಮ ಅಳಿಯಂದಿರು ಹಾಕಿದ ಗೆರೆ ಆ ಕರಡಿ ದಾಟಲ್ಲ, ಬೇಕಾದ್ರೆ ಬಂದು ನೋಡಿ ಅಂತ ನಾನೇ ಹೇಳಿದ್ದೀನಿ.”

ಹೊಗಳಿಕೆಯೇ ಅದು. ಆದರೂ ಅವನು ಉಳಿದ ಚಹಾ ಕುಡಿಯದೆ ಲೋಟ ಕೆಳಗಿಟ್ಟ. ಗೆರೆ ದಾಟದಿರುವುದೇ ಈಗ ಬಂದಿರುವ ತಾಪತ್ರಯ ಎಂದು ಇವರಿಗೆ ಹೇಗೆ ಹೇಳುವುದು? ಅಜ್ಜಿ ಎಂದರೆ ಅವನು ಪಾಲಕನಾಗಿರುವ ಮೃಗಾಲಯದ ಮುದಿ ಹೆಣ್ಣು ಕರಡಿ. ಮೃಗಾಲಯದ ಹಳೆಯ ಬೋನುಗಳ ಸಾಲನ್ನು ಕೆಡವುವುದೆಂದು ತೀರ್ಮಾನವಾಗಿ, ಹಿಂದಿನ ಗುಡ್ಡದ ಇಳಿಜಾರಿಗೆ ಕಂದಕ ತೋಡಿ, ಮರ ನೆಟ್ಟು, ನೀರು ಬಿಟ್ಟು, ಪ್ರಾಣಿಗಳಿಗೆಲ್ಲ ಬಯಲು ಮಾಡಿಕೊಟ್ಟಿದ್ದರು. ಎಲ್ಲವೂ ಹೋದವು. ಅಜ್ಜಿ ಮಾತ್ರ ಹೋಗಲಿಲ್ಲ. ಬಾಗಿಲು ತೆರೆದಿದೆ, ಬಾಗಿಲಾಚೆ ಹುಲ್ಲಿದೆ, ಹುಲ್ಲಿನ ಮೇಲೆ ಜೇನು ಸವರಿದ ದಿಮ್ಮಿ ಇದೆ. ಅವಳು ಎದುರು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಾಳೆ, ಇವತ್ತಿಗೆ ವಾರದ ಮೇಲಾಯಿತು. ಅಡುಗೆಮನೆಗೆ ಹೋದಾಗ ಹೆಂಡತಿ ಡಬ್ಬಿಯ ಮುಚ್ಚಳ ಒತ್ತುತ್ತ, “ಯಾಕೆ ಇಷ್ಟು ತಲೆ ಕೆಡಿಸ್ಕೊಂಡಿದೀರಿ? ಬರದಿದ್ರೆ ಡಾಕ್ಟರು ಮತ್ತಿನ ಸೂಜಿ ಹಾಕಿ ಎತ್ಕೊಂಡು ಹೋಗ್ತಾರಂತಲ್ಲ” ಎಂದಳು. “ಮುದುಕಿ ಕಣೇ ಅವಳು. ಎದೆ ಸರಿಯಿಲ್ಲ. ಸೂಜಿ ಹಾಕಿದ್ರೆ ಮಲಗ್ತಾಳೆ, ಏಳ್ತಾಳೆ ಅಂತ ಯಾರೂ ಹೇಳೋಕಾಗಲ್ಲ. ನಾಳೆ ಬೆಳಿಗ್ಗೆಗೆ ಗೊತ್ತುಮಾಡಿದ್ದಾರೆ. ಇವತ್ತೊಂದು ದಿನ ನನ್ನ ಕೈಲಿದೆ.” ಹೆಂಡತಿ ಅವನ ಮುಖ ನೋಡಿದಳು. ಡಬ್ಬಿಯನ್ನು ಕೈಗಿಟ್ಟು, ಅಂಗಿಯ ಕಾಲರಿನ ಮೇಲಿದ್ದ ದಾರದ ತುಂಡು ತೆಗೆದಳು. “ಕರ್ಕೊಂಡೇ ಬನ್ನಿ ಹಾಗಾದ್ರೆ” ಎಂದಳು, ಅಂಗಡಿಗೆ ಹೋಗಿ ಸಕ್ಕರೆ ತನ್ನಿ ಎನ್ನುವ ಧಾಟಿಯಲ್ಲಿ.

ಬೋನುಗಳ ಸಾಲಿನಲ್ಲಿ ನಡೆಯುವುದು ಈಗ ಹಿಂಸೆ. ಮೊದಲಾದರೆ ಅವನ ಹೆಜ್ಜೆಗೆ ಸಾಲಿನುದ್ದಕ್ಕೂ ಜೀವ ಬರುತ್ತಿತ್ತು. ಕತ್ತೆಕಿರುಬ ಗೊಣಗುತ್ತಿತ್ತು, ನರಿಗಳು ಸರಳಿಗೆ ಮುಖ ತಿಕ್ಕುತ್ತಿದ್ದವು, ಚಿರತೆ ಬೇಕೆಂದೇ ಆ ಕಡೆ ತಿರುಗಿ ಮಲಗುತ್ತಿತ್ತು. ಮುದಿ ಸಿಂಹವನ್ನು ಬೇರೆ ಊರಿನ ಮೃಗಾಲಯದವರು ಲಾರಿಯಲ್ಲಿ ಒಯ್ದರು, ಇಲ್ಲಿ ಇನ್ನು ಸಿಂಹ ಸಾಕುವುದಿಲ್ಲವಂತೆ, ಜಾಗ ಸಾಲದಂತೆ. ಸಿಂಹದ ಚಿತ್ರವಿದ್ದ ಬೋರ್ಡು ಮಾತ್ರ ಉಳಿದಿದೆ. ಖಾಲಿ ಬೋನಿನ ನಾತ ತುಂಬಿದ ಬೋನಿನ ನಾತಕ್ಕಿಂತ ಕೆಟ್ಟದ್ದು ಎಂದು ಅವನಿಗೆ ಈ ವಾರವಷ್ಟೇ ತಿಳಿದದ್ದು. ಎಷ್ಟು ಚಿಕ್ಕ ಜಾಗಗಳು ಇವು! ಪ್ರಾಣಿ ಇದ್ದಾಗ ಕಣ್ಣಿಗೆ ಪ್ರಾಣಿಯೇ ತುಂಬುತ್ತಿತ್ತು, ಅದು ನಿಂತ ಜಾಗ ಕಾಣುತ್ತಿರಲಿಲ್ಲ. ಚಿರತೆಯ ಬೋನಿನಲ್ಲಿ ಸಿಮೆಂಟು ಸವೆದು ಒಂದು ದಾರಿಯಾಗಿದೆ, ಆ ಗೋಡೆಯಿಂದ ಈ ಗೋಡೆಗೆ. ದಿನವೂ ನೀರು ಹಾಕಿ ತೊಳೆದವನು ತಾನೇ. ಸವೆದದ್ದು ಕಂಡಿತ್ತು, ಅಲ್ಲಿ ನೀರು ನಿಲ್ಲುತ್ತದೆ ಎಂದು ಬೈದುಕೊಂಡಿದ್ದ, ಅಷ್ಟೇ. ಬಾಗಿಲೆತ್ತಿದ ದಿನ ಅದೇ ಚಿರತೆ ಹಿಂದೆ ಮುಂದೆ ನೋಡದೆ ಹಳದಿ ಗೆರೆಯೊಂದು ಎಳೆದ ಹಾಗೆ ಓಡಿಹೋಯಿತು. ಅದನ್ನು ನೋಡುತ್ತ ಅದರ ಪಾಲಕ ಬಿಕ್ಕಿ ಬಿಕ್ಕಿ ಅತ್ತ. ಇವನು ಅವನ ಬೆನ್ನು ತಟ್ಟಿ, “ನಮ್ಮ ಅಜ್ಜಿ ಬರೋದು ನೋಡುವಿಯಂತೆ, ಹೊಸ ಸೊಸೆ ಮನೆ ತುಂಬೋ ಹಾಗೆ ಬರ್ತಾಳೆ” ಎಂದಿದ್ದ. ಆ ಮಾತು ಈಗ ಎಲ್ಲರ ಬಾಯಲ್ಲಿದೆ. ಚಹಾದ ಅಂಗಡಿಯ ಹತ್ತಿರ ಯಾರಾದರೂ ಒಬ್ಬರು, “ಏನ್ ಮೇಷ್ಟ್ರೇ, ಸೊಸೆ ಇನ್ನೂ ಶೃಂಗಾರ ಮಾಡ್ಕೊತಾ ಇದ್ದಾಳಾ?” ಎನ್ನುತ್ತಾರೆ.

ಮೇಷ್ಟ್ರು ಎಂಬ ಹೆಸರು ಬಂದದ್ದೂ ಅಜ್ಜಿಯಿಂದಲೇ. ಅವನಿಗಿಂತ ಮುಂಚೆ ಆ ಬೋನು ನೋಡಿಕೊಳ್ಳುತ್ತಿದ್ದವನ ಬೆರಳುಗಳನ್ನು ಅವಳು ತಟ್ಟೆಯ ಜೊತೆಗೇ ಎಳೆದುಕೊಂಡಿದ್ದಳು. ಬೇರೆಯವರು ಉದ್ದ ಕೋಲಿನಿಂದ ತಿವಿದು ಹಿಂದಕ್ಕೆ ನೂಕಿ ಊಟ ಇಡುತ್ತಿದ್ದರು. ಇವನಿಗೆ ಕೋಲು ಹಿಡಿಯಲು ಮನಸ್ಸಾಗಲಿಲ್ಲ. ಕಬ್ಬಿಣದ ತಗಡಿನ ಬಾಗಿಲು ಅದು, ರಾಟೆಯ ಮೇಲೆ ಸರಪಳಿ ಎಳೆದರೆ ಮೇಲೇಳುವಂಥದ್ದು. ಸರಪಳಿ ಅಲುಗಿಸುವುದು, ಅವಳು ಒಂದು ಹೆಜ್ಜೆ ಹಿಂದೆ ಹೋದರೆ “ಭೇಷ್!” ಎಂದು ಸರಳಿನ ನಡುವೆ ಜೇನು ಹಚ್ಚಿದ ಬ್ರೆಡ್ಡು ಎಸೆಯುವುದು. ಇನ್ನೊಂದು ಹೆಜ್ಜೆ, ಇನ್ನೊಂದು ಭೇಷ್. ಕೊನೆಕೊನೆಗೆ ಸರಪಳಿ ಬೇಕಾಗಲಿಲ್ಲ, ಇವನು ಬಂದು ನಿಂತರೆ ಸಾಕು, ಅವಳು ಎದುರು ಗೋಡೆಗೆ ಹೋಗಿ ಬೆನ್ನು ಕೊಟ್ಟು, ಮುಂಗಾಲು ಮಡಿಲಲ್ಲಿಟ್ಟುಕೊಂಡು, ಒಳ್ಳೆಯ ಮನೆಯಿಂದ ಬಂದವಳ ಹಾಗೆ ಕೂರುತ್ತಿದ್ದಳು. ನೋಡಲು ಬೇರೆ ಬೇರೆ ಕಡೆಯಿಂದ ಅಧಿಕಾರಿಗಳು ಬಂದರು. ಕೋಲಿಲ್ಲದೆ, ಬೈಗುಳವಿಲ್ಲದೆ! ದೊಡ್ಡ ಸಾಹೇಬರು ಎಲ್ಲರ ಎದುರಿಗೆ ಅವನ ಕೈ ಕುಲುಕಿದರು. ಆ ರಾತ್ರಿ ಮಾವ ಊಟಕ್ಕೆ ಕೂತಾಗ, “ನಮ್ಮ ಅಳಿಯಂದಿರಿಗೆ ಇನ್ನೊಂದು ಬಡಿಸು” ಎಂದಿದ್ದರು. ನೆನಪಾದಾಗಲೆಲ್ಲ ಇವತ್ತಿಗೂ ಅವನಿಗೆ ಹೊಟ್ಟೆ ತಣ್ಣಗಾಗುತ್ತದೆ. ಒಂದು ಪ್ರಾಣಿಗೆ ನೋವು ಮಾಡದೆ ಇಷ್ಟು ಕಲಿಸಿದ್ದೇನೆ ಎಂಬ ಹೆಮ್ಮೆ ಸುಳ್ಳಲ್ಲ. ಸುಳ್ಳಲ್ಲದ ಹೆಮ್ಮೆಯನ್ನು ಬಿಟ್ಟುಕೊಡುವುದು ಸುಲಭವೇನು?

ಪಾಲಕರು ನಿಲ್ಲುವ ಇಕ್ಕಟ್ಟಿನ ಓಣಿಯಲ್ಲಿ, ತೆರೆದ ಬಾಗಿಲಿನ ಪಕ್ಕದ ಸರಳಿನಾಚೆ, ಮಗುಚಿದ ಬಕೆಟ್ಟಿನ ಮೇಲೆ ಅವನು ಕೂತ. ಸಂಜೆ ಬಾಗಿಲು ಇಳಿಸಲೇಬೇಕೆಂಬುದು ನಿಯಮ. ಕತ್ತಲಲ್ಲೇ ಮೊದಲ ಸಲ ಹೊರಗೆ ಹೋಗಿ ಕಂದಕಕ್ಕೆ ಬಿದ್ದರೆ ಎತ್ತುವವರಾರು? ಹಗಲೆಲ್ಲ ಅವನು ಅಲ್ಲೇ. ಊಟವೂ ಅಲ್ಲೇ. ಬೇರೆ ಯಾರನ್ನೂ ಕೂರಲು ಬಿಟ್ಟಿರಲಿಲ್ಲ. ಕರೆಯುವುದಾದರೆ ತಾನೇ ಕರೆಯಬೇಕು, ಅವಳು ಮೊದಲ ಹೆಜ್ಜೆ ಇಡುವುದನ್ನು ತಾನೇ ನೋಡಬೇಕು. “ಬಾ ಅಜ್ಜಿ, ಬಾರೇ ತಾಯಿ, ನೋಡು ಎಷ್ಟು ದೊಡ್ಡ ಅಂಗಳ” ಎಂದ. ಅಜ್ಜಿ ಗೋಡೆಗೆ ಬೆನ್ನು ಕೊಟ್ಟು ಕೂತು ಅವನನ್ನೇ ನೋಡುತ್ತಿದ್ದಳು. ನಿನ್ನೆಯಿಂದ ಒಳಗೆ ಊಟ ಇಡುವುದನ್ನು ನಿಲ್ಲಿಸಿದ್ದರು, ಹಸಿವಾದರೂ ಬರಲಿ ಎಂದು. ಅವಳ ಮೂಗಿನ ತುದಿ ಜೇನಿನ ಕಡೆಗೆ ಅಲುಗಾಡುತ್ತಿತ್ತು, ಮೈ ಮಾತ್ರ ಗೋಡೆ ಬಿಡಲಿಲ್ಲ. ಅವನಿಗೆ ಒಮ್ಮೆಲೇ ಸಿಟ್ಟು ಬಂತು. ಏನು ಹಟ ಇದು! ಇಷ್ಟು ಜನ ನಿನಗಾಗಿ ಒದ್ದಾಡುತ್ತಿದ್ದೇವೆ, ನಿನಗೆ ಬಿಗುಮಾನವೇ? “ಏಳೇ! ಎದ್ದು ಬಾ ಅಂದ್ರೆ!” ಎಂದು ಗದರಿದ. ಅವಳು ಗೋಡೆಗೆ ಇನ್ನಷ್ಟು ಒತ್ತಿಕೊಂಡಳು. ಗದರಿದ್ದಕ್ಕೆ ಅವನಿಗೇ ನಾಚಿಕೆಯಾಗಿ ಸುತ್ತ ನೋಡಿದರೆ, ಓಣಿಯ ತುದಿಯಲ್ಲಿ ಪೊರಕೆ ಹಿಡಿದು ಹಕ್ಕಿಯಕ್ಕ ನಿಂತಿದ್ದಳು.

ಹಕ್ಕಿಯಕ್ಕ ಹಕ್ಕಿಗಳ ವಿಭಾಗದವಳು. ಇಲ್ಲಿ ಕೆಲಸ ಜಾಸ್ತಿಯಾಯಿತೆಂದು ತಾತ್ಕಾಲಿಕವಾಗಿ ಹಾಕಿದ್ದರು. ಅವನಿಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು, ಸ್ಥೂಲ ಮೈ, ಕೆಲಸ ಮಾಡುವಾಗ ಗುನುಗುತ್ತಲೇ ಇರುವವಳು. ಬೀಗ ಹಾಕಿದೆನೋ ಇಲ್ಲವೋ ಎಂದು ಎರಡೆರಡು ಸಲ ವಾಪಸು ಬಂದು ನೋಡುವವಳನ್ನು ಮಾಂಸ ತಿನ್ನುವ ಪ್ರಾಣಿಗಳ ಕಡೆ ಯಾರಾದರೂ ಹಾಕುತ್ತಾರೆಯೇ ಎಂದು ಅವನ ಆಕ್ಷೇಪ. “ಮೇಷ್ಟ್ರೇ, ಡಾಕ್ಟರು ಕರೀತಿದ್ದಾರೆ. ಈಗಲೇ ಬರಬೇಕಂತೆ” ಎಂದಳು. “ನೀವು ಇಲ್ಲಿ ನಿಂತಿರಿ. ಏನೂ ಮುಟ್ಟಬೇಡಿ” ಎಂದು ಅವನು ಒಲ್ಲದ ಮನಸ್ಸಿನಿಂದ ಎದ್ದ.

ಡಾಕ್ಟರ ಕೋಣೆಯಲ್ಲಿ ಸ್ಪಿರಿಟ್ಟಿನ ವಾಸನೆ. ಮೇಜಿನ ಮೇಲೆ ಮತ್ತಿನ ಔಷಧಿಯ ಸೀಸೆ, ಉದ್ದ ಕೊಳವೆ, ಕೆಂಪು ಗೊಂಡೆಯ ಸೂಜಿಗಳು. ಸಣಕಲು ಮನುಷ್ಯ, ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. “ನೋಡಿ ಮೇಷ್ಟ್ರೇ, ನನಗೂ ಇದು ಬೇಕಾಗಿಲ್ಲ. ಆದರೆ ನಿನ್ನೆಯಿಂದ ಖಾಲಿ ಹೊಟ್ಟೇಲಿದ್ದಾಳೆ. ಹೀಗೇ ಬಿಟ್ಟರೂ ಉಳಿಯಲ್ಲ, ಸೂಜಿ ಹಾಕಿದರೂ ನಾನು ಭರವಸೆ ಕೊಡೋಕಾಗಲ್ಲ. ನಾಳೆ ಬೆಳಿಗ್ಗೆ ನೀವು ಪಕ್ಕದಲ್ಲೇ ಇರಬೇಕು. ನಿಮ್ಮ ದನಿ ಕೇಳಿದ್ರೆ ಅವಳು ಗೋಡೆಗೆ ಹೋಗಿ ಅಲ್ಲಾಡದೆ ಕೂರ್ತಾಳಲ್ಲ, ಗುರಿ ತಪ್ಪಲ್ಲ.” ಅವನಿಗೆ ಅದು ಕಣ್ಣಿಗೆ ಕಟ್ಟಿತು. ತಾನು ಭೇಷ್ ಎನ್ನುವುದು, ಅವಳು ಅಚ್ಚುಕಟ್ಟಾಗಿ ಕೂತು ಬ್ರೆಡ್ಡಿಗೆ ಕಾಯುವುದು, ಬ್ರೆಡ್ಡಿನ ಬದಲು ಸೂಜಿ. “ಬೇಡ ಡಾಕ್ಟ್ರೇ. ನಾಳೆ ಬೇಡವೇ ಬೇಡ. ಇವತ್ತೇ ಬರ್ತಾಳೆ, ನಾನು ಬರಿಸ್ತೀನಿ.” “ಸಂಜೆ ತನಕ ನೋಡಿ” ಎಂದರು ಡಾಕ್ಟರು. ಆಮೇಲೆ ಡಾಕ್ಟರು ಅವಳ ಎದೆಬಡಿತದ ಬಗ್ಗೆ ಏನೇನೋ ವಿವರಿಸಿದರು. ಅವನಿಗೆ ಒಂದೂ ತಲೆಗೆ ಹೋಗಲಿಲ್ಲ.

ವಾಪಸು ಬಂದಾಗ ಹಕ್ಕಿಯಕ್ಕ ಅವನ ಮುಖ ನೋಡದೆ ಪೊರಕೆಯ ಕಡ್ಡಿ ಕೀಳುತ್ತಿದ್ದಳು. ಅಜ್ಜಿ ಗೋಡೆಯ ಹತ್ತಿರ, ಎಂದಿನಂತೆ.

“ಹೇಳಿದ್ರೆ ಬೇಜಾರು ಮಾಡ್ಕೋಬಾರದು” ಎಂದಳು.

“ಏನು?”

“ನೀವು ಹೋದ್ರಲ್ಲ, ಸ್ವಲ್ಪ ಹೊತ್ತಿಗೆ ಎದ್ಲು. ನಿಧಾನಕ್ಕೆ ಬಾಗಿಲ ತನಕ ಬಂದ್ಲು. ಮೂತಿ ಆಚೆ ಹಾಕಿ ಮೂಸ್ತಾ ಇದ್ಲು. ನಿಮ್ಮ ಕೆಮ್ಮು ಕೇಳಿಸ್ತು ನೋಡಿ ಆ ಕಡೆಯಿಂದ, ತಿರುಗಿ ಹೋಗಿ ಕೂತ್ಬಿಟ್ಲು.”

“ನಿಮಗೆ ಎಲ್ಲೋ ಹಾಗೆ ಅನ್ನಿಸಿರಬೇಕು.”

“ಅನ್ನಿಸೋದೇನು, ಕಣ್ಣಾರೆ ಕಂಡಿದ್ದು!”

“ಹಕ್ಕಿ ಅಲ್ಲ ಅಕ್ಕ ಇದು, ಕರಡಿ. ಇಷ್ಟು ವರ್ಷ ಅವಳ ಜೊತೆ ಬದುಕಿದವನು ನಾನು. ನಿನ್ನೆ ಮೊನ್ನೆ ಬಂದು ನೀವು ನನಗೆ ಹೇಳಿಕೊಡ್ತೀರಾ?” ದನಿ ಏರಿತ್ತು. ಹಕ್ಕಿಯಕ್ಕ ಕೆಂಪಾದಳು. “ಹೇಳಿಕೊಡೋಕೆ ನಾನ್ಯಾರು? ಕಂಡಿದ್ದು ಹೇಳಿದೆ. ಬೇಡ ಅಂದ್ರೆ ಬಿಡಿ” ಎಂದು ಪೊರಕೆ ಎತ್ತಿಕೊಂಡು ಹೋದಳು. ಅವಳು ಗುನುಗುತ್ತಿಲ್ಲ ಎಂಬುದು ಅವನಿಗೆ ಕೇಳಿಸಿತು. ಬಕೆಟ್ಟಿನ ಮೇಲೆ ಕೂತ. ಡಬ್ಬಿ ಬಿಚ್ಚಿದ, ಮತ್ತೆ ಮುಚ್ಚಿಟ್ಟ. ಅಜ್ಜಿ ನೋಡುತ್ತಿದ್ದಳು. ಅವನೂ ನೋಡಿದ. ಹಟವಾಗಿದ್ದರೆ ಆ ಕಣ್ಣಿನಲ್ಲಿ ಕಾಣಬೇಕಿತ್ತು. ಭಯವಾಗಿದ್ದರೆ ಮೈ ನಡುಗಬೇಕಿತ್ತು. ಅವಳು ಕಾಯುತ್ತಿದ್ದಳು. ಪಾಠ ಒಪ್ಪಿಸಿ ಆಗಿದೆ, ಮೇಷ್ಟ್ರು ಸರಿ ಎನ್ನುವುದೊಂದು ಬಾಕಿ. ವಾರದಿಂದ ಅವನು ಬಾ ಬಾ ಎಂದು ಹಲುಬಿದ್ದೆಲ್ಲ ಅವಳಿಗೆ ಬರೀ ದನಿ, ಈ ಮನುಷ್ಯನ ದನಿ, ಈ ದನಿ ಕೇಳಿಸಿದರೆ ಇರಬೇಕಾದ ಜಾಗ ಗೋಡೆ. ಅವನಿಗೆ ಬೆಳಗಿನ ಚಿಲಕದ ಸದ್ದು ನೆನಪಾಯಿತು. ಮಾವ ಎಷ್ಟು ಸಲ ಕೂತ್ಕೊಳ್ಳಿ ಎಂದಿದ್ದಾರೆ, ಎಷ್ಟು ವರ್ಷ! ಬರೀ ಬಾಯುಪಚಾರ ಎಂದು ತಾನು ತಿಳಿದಿದ್ದ. ಒಂದು ವೇಳೆ ನಿಜವಾಗಿಯೇ ಹೇಳುತ್ತಿದ್ದರೆ? ಗೋಡೆಗೆ ಅಂಟಿ ನಿಂತ ಈ ನಡುವಯಸ್ಸಿನ ಗಂಡಸನ್ನು ದಿನ ಬೆಳಗಾದರೆ ನೋಡುವುದು ಅವರಿಗೂ ಹಿಂಸೆಯಾಗಿದ್ದರೆ? ಅವರು ಬಂದರೆ ಇವನು ಏಳುತ್ತಾನೆ, ಇವನು ಎದ್ದರೆ ಅವರು ಕೂರಲೇಬೇಕು. ಯಾರೂ ಯಾರನ್ನೂ ಹೊಡೆದಿಲ್ಲ. ಕೋಲಿಲ್ಲ, ಬೈಗುಳವಿಲ್ಲ. ಅವನಿಗೆ ಅಲ್ಲಿ ಕೂರಲಾಗಲಿಲ್ಲ.

ನೋಡಿಯೇ ಬಿಡೋಣ ಎಂದು ಎದ್ದ. ಬೂಟು ಬಿಚ್ಚಿಟ್ಟ, ಸೊಂಟದ ಬೀಗದಕೈ ಗೊಂಚಲು ತೆಗೆದು ಬಕೆಟ್ಟಿನೊಳಗೆ ಇಳಿಸಿದ, ಬರಿಗಾಲಲ್ಲಿ ಓಣಿ ದಾಟಿ ಕತ್ತೆಕಿರುಬದ ಖಾಲಿ ಬೋನಿನ ಹಿಂದೆ ಹೋಗಿ ಗೋಡೆಯ ಬಿರುಕಿಗೆ ಕಣ್ಣಿಟ್ಟು ನಿಂತ. ಅಲ್ಲಿಂದ ಬಾಗಿಲಿನ ಹೊಸಿಲೂ ಅದರಾಚೆಯ ಮಣ್ಣೂ ಕಾಣುತ್ತಿದ್ದವು. ಇರುವೆಗಳು ಕಾಲ ಮೇಲೆ ಹತ್ತಿದವು. ಬಹಳ ಹೊತ್ತಾಯಿತು. ಇಲ್ಲ, ಹಕ್ಕಿಯಕ್ಕ ಸುಳ್ಳು ಹೇಳಿದ್ದಾಳೆ ಎಂದು ಒಳಗೊಳಗೇ ಸಮಾಧಾನವಾಗುತ್ತಿತ್ತು, ಆ ಸಮಾಧಾನಕ್ಕೆ ಅಸಹ್ಯವೂ ಆಗುತ್ತಿತ್ತು. ಅಜ್ಜಿ ಸತ್ತರೂ ಸರಿ, ತನ್ನ ಮಾತು ನಿಲ್ಲಲಿ ಎಂದು ಬಯಸುವ ಮಟ್ಟಕ್ಕೆ ಇಳಿದೆನೇ? ಅಷ್ಟರಲ್ಲಿ ಕಪ್ಪಗೆ ಏನೋ ಅಲುಗಿತು. ಮೂತಿ. ಆಮೇಲೆ ನೆರೆತ ಹಣೆ. ಅಜ್ಜಿ ಹೊಸಿಲಿಗೆ ಬಂದು ಗಾಳಿ ಮೂಸಿದಳು, ತಲೆ ಆಚೆ ಹಾಕಿದಳು, ಮುಂಗಾಲು ಎತ್ತಿದಳು, ಮತ್ತೆ ಇಳಿಸಿದಳು, ಮತ್ತೆ ಎತ್ತಿ, ಹುಟ್ಟಿದಾಗಿನಿಂದ ಸಿಮೆಂಟು ಬಿಟ್ಟು ಬೇರೇನೂ ಮೆಟ್ಟದ ಆ ಕಾಲನ್ನು ಮಣ್ಣಿನ ಮೇಲೆ ಇಟ್ಟಳು. ಉಗುರುಗಳು ಮಣ್ಣಿನೊಳಗೆ ಇಳಿದವು. ಅವನ ಕಣ್ಣು ಮಂಜಾಯಿತು, ಬಾಯಿಂದ ತಾನಾಗಿ ಹೊರಟುಬಿಟ್ಟಿತು: “ಭೇಷ್!”

ಅಜ್ಜಿಯ ಕಿವಿ ನಿಗುರಿತು. ಕಾಲನ್ನು ಮಣ್ಣಿನಿಂದ ಹಿಂದಕ್ಕೆ ತೆಗೆದುಕೊಂಡಳು. ತಿರುಗಿದಳು. ಅವನು ಓಡಿ ಬಂದು ನೋಡುವಷ್ಟರಲ್ಲಿ ಎದುರು ಗೋಡೆಗೆ ಬೆನ್ನು ಕೊಟ್ಟು, ಮುಂಗಾಲು ಮಡಿಲಲ್ಲಿಟ್ಟುಕೊಂಡು, ಬ್ರೆಡ್ಡಿಗಾಗಿ ಬಾಯಿ ತೆರೆದು ಕೂತಿದ್ದಳು.

ಅವನು ಸರಳು ಹಿಡಿದುಕೊಂಡು ಅತ್ತ. ಚಿರತೆಯ ಪಾಲಕ ಅತ್ತ ಅಳುವಲ್ಲ ಅದು. ಮೂಗು ಸೋರಿ, ದನಿ ಹೊರಗೆ ಬರಬಾರದೆಂದು ತೋಳು ಕಚ್ಚಿಕೊಂಡು ಅಳುವ ಅಳು. ಬೇರೆ ಯಾರ ತಪ್ಪಾದರೂ ಬೈಯಬಹುದಿತ್ತು. ಡಾಕ್ಟರದಲ್ಲ, ಹೊಸ ಬಯಲು ಕಟ್ಟಿದವರದಲ್ಲ. ಹೆಸರು ಕೊಟ್ಟು, ಜೇನು ಕೊಟ್ಟು, ಹೊಗಳಿ ಹೊಗಳಿ ಅವಳನ್ನು ಗೋಡೆಗೆ ಹಚ್ಚಿದವನು ತಾನು. ಈಗ ಮೊದಲ ಹೆಜ್ಜೆಯನ್ನೂ ಹೊಗಳಿ ಕೊಂದೆ. ಹಾಳು ಬಾಯಿ! ಸ್ವಲ್ಪ ಹೊತ್ತಿಗೆ ಅಳು ನಿಂತಿತು. ನಿಂತ ಮೇಲೆ ತಲೆಯೊಳಗೆ ಆಶ್ಚರ್ಯವಾಗುವಷ್ಟು ಸ್ತಬ್ಧ. ಏನು ಮಾಡಬೇಕೆಂದು ಗೊತ್ತಾಗಿತ್ತು. ಇಷ್ಟು ದಿನವೂ ಗೊತ್ತಿದ್ದದ್ದೇ ಇರಬೇಕು. ಮುಖ ತೊಳೆದುಕೊಂಡು, ಬೂಟು ಹಾಕಿಕೊಂಡು, ಗೊಂಚಲು ಹಿಡಿದು ಹಕ್ಕಿಯಕ್ಕನನ್ನು ಹುಡುಕಿಕೊಂಡು ಹೋದ. ಅವಳು ನಲ್ಲಿಯ ಹತ್ತಿರ ಬುಟ್ಟಿ ತೊಳೆಯುತ್ತಿದ್ದಳು.

“ಅಕ್ಕ, ನೀವು ಹೇಳಿದ್ದು ನಿಜ. ನಾನು ಆಡಿದ್ದು ತಪ್ಪಾಯ್ತು. ತಗೊಳ್ಳಿ ಇದನ್ನ.”

“ಅಯ್ಯೋ ಇದೇನು, ಬೀಗದಕೈ ಯಾಕೆ? ನನ್ನ ಕೈಲಾಗಲ್ಲಪ್ಪ, ನನಗೆ ಕರಡಿ ಅಂದ್ರೆ ಕೈಕಾಲು ನಡುಗುತ್ತೆ.”

“ನಡುಗಲಿ. ನೀವು ಓಣಿಯ ತುದಿಯಲ್ಲಿ ಬೆನ್ನು ಹಾಕಿ ಕೂತ್ಕೊಳ್ಳಿ. ಗುನುಗ್ತಾ ಇರ್ತೀರಲ್ಲ, ಗುನುಗಿ. ಕರೀಬೇಡಿ. ಬಂದ್ರೂ ಹೊಗಳಬೇಡಿ. ಅವಳು ಪೂರ್ತಿ ಆಚೆ ಹೋಗಿ, ಆ ಮರದ ತನಕ ಹೋದ ಮೇಲೆ, ಆಮೇಲೆ ಬಾಗಿಲು ಇಳಿಸಿ.”

“ನೀವು?”

“ನಾನು ನಿಮ್ಮ ಹಕ್ಕಿಗಳ ಹತ್ತಿರ ಇರ್ತೀನಿ.”

ಡಾಕ್ಟರಿಗೆ ಹೇಳಲು ಹೋದಾಗ ಅವರು ಮೊದಲು ನಂಬಲಿಲ್ಲ, ಆಮೇಲೆ ಕುರ್ಚಿಯಿಂದ ಎದ್ದೇಬಿಟ್ಟರು. “ಒಳ್ಳೇದು, ಹಾಗೇ ಮಾಡಿ. ಇವತ್ತು ನೀವು ಮರೆಯಲ್ಲಿರಿ. ಅವಳು ಬಯಲಿಗೆ ಹೊಂದಿಕೊಂಡ ಮೇಲೆ ವಾಪಸು ಬರುವಿರಂತೆ.” ಅವನು ತಲೆಯಾಡಿಸಿದ. “ಇಲ್ಲ ಡಾಕ್ಟ್ರೇ. ಬಯಲಲ್ಲೂ ಗೋಡೆ ಇದೆಯಲ್ಲ, ಆ ಕಡೆ ಕೊನೇಲಿ. ನಾನು ಕಂಡ್ರೆ ಹೋಗಿ ಅದಕ್ಕೆ ಬೆನ್ನು ಕೊಟ್ಟು ಕೂರ್ತಾಳೆ. ಅಷ್ಟು ದೊಡ್ಡ ಜಾಗ ಕೊಟ್ಟು ಏನು ಬಂತು? ನನ್ನನ್ನ ಹಕ್ಕಿಗಳ ಕಡೆಗೇ ಹಾಕಿಬಿಡಿ. ಪೂರ್ತಿಯಾಗಿ.” “ದುಡುಕಬೇಡಿ ಮೇಷ್ಟ್ರೇ. ಇಷ್ಟು ವರ್ಷದ ಒಡನಾಟ.” “ಅದಕ್ಕೇ.” ಡಾಕ್ಟರು ಇನ್ನೂ ಏನೋ ಹೇಳಲು ಬಾಯಿ ತೆರೆದರು. ಮೊದಲಾಗಿದ್ದರೆ ಅವನು ಸರಿ ಡಾಕ್ಟ್ರೇ ಎಂದು ಬಾಗಿಲ ಕಡೆ ಸರಿಯುತ್ತಿದ್ದ. ಇವತ್ತು ಮೇಜಿನ ಎದುರಿನ ಕುರ್ಚಿ ಎಳೆದು ಕೂತ. ಸಾಹೇಬರಿಗೆ ಫೋನು ಮಾಡಿಸಿ, ಅವರು ಹೂಂ ಎನ್ನುವವರೆಗೂ ಏಳಲಿಲ್ಲ.

ಹಕ್ಕಿಗಳ ವಿಭಾಗದಲ್ಲಿ ಗದ್ದಲವೋ ಗದ್ದಲ. ಗಿಣಿಗಳು ಅವನನ್ನು ಕಂಡು ಹಿಂದೆ ಸರಿಯುವುದಿರಲಿ, ಮೈಮೇಲೇ ಬಂದವು. ಒಂದು ಗಿಣಿ ತೋಳಿನ ಮೇಲೆ ಕೂತು ಅಂಗಿಯ ಗುಂಡಿ ಕಿತ್ತಿತು, ಇನ್ನೊಂದು ಬೆರಳು ಕಚ್ಚಿತು. ರಕ್ತ ಬಂತು. ಕಚ್ಚು, ಕಚ್ಚು ಎಂದುಕೊಂಡ. ತಟ್ಟೆಗಳನ್ನು ತಿಕ್ಕಿದ, ನೆಲ ಕೆರೆದು ತೊಳೆದ, ಕಾಳು ಹಾಕಿದ, ತೊಳೆದದ್ದನ್ನೇ ಮತ್ತೆ ತೊಳೆದ. ಕಾಲುಗಳು ತಾವಾಗಿ ಬೋನುಗಳ ಸಾಲಿನ ಕಡೆ ತಿರುಗುತ್ತಿದ್ದವು. ದೂರದಿಂದ, ಮರದ ಮರೆಯಿಂದ, ಒಂದೇ ಒಂದು ಸಲ? ಬಾಯಿ ಬಿಗಿಹಿಡಿದರಾಯಿತಲ್ಲ. ಬಟ್ಟೆ ಕಟ್ಟಿಕೊಂಡರಾಯಿತಲ್ಲ! ಬೇಡ. ಗಾಳಿಗೆ ವಾಸನೆ ಹೋಗುತ್ತದೆ. ಅವನು ಒದ್ದೆ ನೆಲದ ಮೇಲೆ ಕಾಲು ಊರಿ ನಿಂತ. ಹೊರಗೆ ಬಿಸಿಲು ಓರೆಯಾಗುತ್ತಿತ್ತು. ಬಾಗಿಲು ಇಳಿಸುವ ಹೊತ್ತು ಹತ್ತಿರವಾಗುತ್ತಿತ್ತು. ಇಷ್ಟೆಲ್ಲ ಮಾಡಿಯೂ ಅವಳು ಬರದಿದ್ದರೆ? ಬರದಿದ್ದರೆ ನಾಳೆ ಸೂಜಿ, ಆ ಸೂಜಿಗೆ ಅವಳನ್ನು ಕೂರಿಸುವ ದನಿ ತನ್ನದಲ್ಲ, ಅಷ್ಟಂತೂ ಖಂಡಿತ.

ಫೋನು ಬಂದಾಗ ಕೈ ಒದ್ದೆಯಿತ್ತು. ಹಕ್ಕಿಯಕ್ಕ ಪಿಸುಗುಟ್ಟುತ್ತಿದ್ದಳು.

“ಹೋದ್ಲು.”

“ಹಾಂ? ಹೋದ್ಲಾ? ಹೇಗೆ ಹೋದ್ಲು?”

“ಹೇಗೆ ಅಂದ್ರೆ? ನಡ್ಕೊಂಡು.”

“ಅಲ್ಲ ಅಕ್ಕ, ಓಡಿದ್ಲಾ, ನಿಂತು ನೋಡಿದ್ಲಾ, ಹಿಂದೆ ತಿರುಗಿದ್ಲಾ?”

“ನಾನು ಬೆನ್ನು ಹಾಕಿ ಕೂತಿದ್ನಲ್ಲ, ನೀವೇ ಹೇಳಿದ ಹಾಗೆ! ತಿರುಗಿ ನೋಡಿದ್ರೆ ಬೋನು ಖಾಲಿ. ಮರದ ಕೆಳಗೆ ಮಣ್ಣು ಕೆದರ್ತಾ ಇದ್ದಾಳೆ. ಬಾಗಿಲು ಇಳಿಸಿದೆ, ಬೀಗ ಎರಡು ಸಲ ನೋಡಿದೆ. ಡಾಕ್ಟರು ಪಕ್ಕದಲ್ಲೇ ಕುಣೀತಿದ್ದಾರೆ. ನೀವು ಬಂದು ನೋಡ್ಬೇಕಂತೆ.”

ಯಾರೂ ನೋಡಲಿಲ್ಲ. ಹುಟ್ಟಿದಾಗಿನಿಂದ ಎಲ್ಲರೂ ನೋಡುತ್ತಲೇ ಇದ್ದವಳು ಹೊರಗೆ ಬಂದದ್ದನ್ನು ಒಬ್ಬರೂ ನೋಡಲಿಲ್ಲ. ಅವನಿಗೆ ನಗು ಬಂತು, ಹೊಟ್ಟೆ ಹಿಡಿದುಕೊಂಡು ನಕ್ಕ, ಗಿಣಿಗಳೆಲ್ಲ ಒಟ್ಟಿಗೆ ಕಿರುಚಿದವು. “ಬರಲ್ಲ ಅಂತ ಹೇಳಿ ಅಕ್ಕ” ಎಂದ. “ಕಾಳಿನ ಡಬ್ಬ ಎಲ್ಲಿಡ್ತೀರಿ, ಅದನ್ನ ಹೇಳಿ.”

ಮುಚ್ಚುವ ಹೊತ್ತಿಗೆ ಅವನು ಹೊರಟ. ಗೇಟಿಗೆ ಹೋಗುವ ದಾರಿಯಲ್ಲಿ ಕವಲೊಂದಿದೆ, ಅಲ್ಲಿಂದ ಎಡಕ್ಕೆ ತಿರುಗಿದರೆ ಹೊಸ ಬಯಲಿನ ಎತ್ತರದ ಕಟ್ಟೆ. ಕಟ್ಟೆಯ ಕಡೆಯಿಂದ ಒಬ್ಬ ಹೆಂಗಸು ಮಗುವನ್ನು ದರದರ ಎಳೆದುಕೊಂಡು ಬರುತ್ತಿದ್ದಳು. ಅವನ ಸಮವಸ್ತ್ರ ಕಂಡು ಸೀದಾ ಎದುರಿಗೇ ಬಂದು ನಿಂತಳು. “ರೀ, ಕರಡಿ ಅಂತ ಬೋರ್ಡು ಹಾಕಿದೀರಿ, ಎಲ್ಲಿದೆ ಕರಡಿ? ಇಷ್ಟು ಹೊತ್ತು ನಿಂತೆವು. ಬರೀ ಮರ, ಬರೀ ಕಲ್ಲು! ಮೊದಲೇ ವಾಸಿ, ಬೋನಿನ ಹತ್ತಿರ ಹೋದ್ರೆ ಕಣ್ಣೆದುರಿಗೆ ಕೂತಿರ್ತಿತ್ತು.”

“ಇದೆಯಮ್ಮ.”

“ನಿಜವಾಗ್ಲೂ ಇದೆಯಾ? ನೀವು ನೋಡಿದ್ರಾ?”

“ಇಲ್ಲ. ನಾನು ನೋಡಿಲ್ಲ.”

“ಮತ್ತೆ ಇದೆ ಅಂತ ಹೇಗೆ ಹೇಳ್ತೀರಿ?”

“ನಾನು ನೋಡೋಕೆ ಹೋಗಿಲ್ಲವಲ್ಲ” ಎಂದ ಅವನು, “ಅದಕ್ಕೇ ಇದೆ.”

ಹೆಂಗಸು ಅವನನ್ನು ಮೇಲಿಂದ ಕೆಳಗೆ ನೋಡಿ, “ಸರಿಹೋಯ್ತು” ಎಂದು ಮಗುವಿನ ಕೈ ಹಿಡಿದು ಬೇಗ ಬೇಗ ನಡೆದಳು. ಗಾಳಿ ಅವನ ಬೆನ್ನಿನಿಂದ ಬಯಲಿನ ಕಡೆಗೆ ಬೀಸುತ್ತಿತ್ತು. ಅವನು ಅಲ್ಲಿ ಇನ್ನೊಂದು ಗಳಿಗೆಯೂ ನಿಲ್ಲದೆ ಗೇಟಿನ ಕಡೆ ನಡೆದ.